ಸೋಮಲಿಂಗ ಎತ್ತಿದ ವೀಳ್ಯ

"ಮೂರು ಒಗಟು! ಬಿಡಿಸಿದವರಿಗೆ ಅವರು ಬಾಯಿಬಿಟ್ಟು ಕೇಳಿದ್ದು. ತಪ್ಪಿದವರ ತಲೆ ಅರಸರದು. ಎದೆಯಿದ್ದವರು ವೀಳ್ಯ ಎತ್ತಿರಪ್ಪೋ!"

ಕಲ್ಗೋಟೆಯ ಅರಸರ ಡಂಗುರದವನು ಹೀಗೆ ಕೂಗುತ್ತ, ವೀಳ್ಯದ ತಟ್ಟೆ ಹಿಡಿದು ನಮ್ಮ ಬೀದಿಗೆ ಬಂದ. ವೀಳ್ಯ ಎತ್ತಿದರೆ ಒಪ್ಪಿದ ಹಾಗೆ, ಆಮೇಲೆ ಹಿಂದೆಗೆಯುವಂತಿಲ್ಲ. ನಲವತ್ತು ವರ್ಷ ಎತ್ತಿನ ವ್ಯಾಪಾರ ಮಾಡಿದ ಕೊಟ್ರಪ್ಪಶೆಟ್ಟಿ ನಾನು. ತಲೆ ಇಟ್ಟು ಆಡುವ ವ್ಯಾಪಾರ ನಮ್ಮದಲ್ಲ ಎಂದು ಅಂಗಳದಲ್ಲೇ ನಿಂತಿದ್ದೆ. ಅಷ್ಟರಲ್ಲಿ ನಮ್ಮ ಮನೆಯ ಕಿಟಕಿಯ ಸರಳುಗಳ ನಡುವಿನಿಂದ ಒಂದು ಕೈ ಹೊರಬಂದು ವೀಳ್ಯ ಎತ್ತಿಬಿಟ್ಟಿತು.

ನನ್ನ ತಮ್ಮ ಸೋಮಲಿಂಗನ ಕೈ.

ಅವನಿಗೆ ಮೂವತ್ತು ದಾಟಿದೆ. ಬುದ್ಧಿ ನಿಧಾನ, ಮಾತು ತಡವರಿಸುತ್ತದೆ. ಆದರೆ ಪುಂಡಿನಾರಿನ ಹಗ್ಗ ಹೊಸೆಯುವುದರಲ್ಲಿ ಅವನಂಥವರಿಲ್ಲ. ಊರಿಗೆ ಅವನು ಮೊದ್ದ, ನನಗೆ ಕೂಸು. ಸಂತೆಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿಯೇ ಹೋಗುತ್ತಿದ್ದೆ. ಎಲ್ಲಾದರೂ ಬಿದ್ದಾನು, ಯಾರಾದರೂ ಹೊಡೆದಾರು ಎಂಬ ಭಯ. ಎತ್ತುಗಳ ಗೆಜ್ಜೆಯ ಸದ್ದು ಅಡಗುವವರೆಗೂ ಅವನು ಕಿಟಕಿಯಲ್ಲಿ ಕೂತು ಕೇಳುತ್ತಿದ್ದ. ಸಂಜೆ ಮರಳಿದಾಗಲೂ ಅದೇ ಮುಖ ಅದೇ ಕಿಟಕಿಯಲ್ಲಿ. "ನನ್ನ ಹಗ್ಗ ಯಾರು ತಗೊಂಡ್ರಣ್ಣಾ? ಯಾವ ಬಣ್ಣದ ಎತ್ತಿಗೆ?" ನಾನು ಬಾಯಿಗೆ ಬಂದ ಬಣ್ಣ ಹೇಳುತ್ತಿದ್ದೆ.

"ಏನು ಮಾಡಿಬಿಟ್ಟೆಯೋ ಕೂಸೇ!" ಎಂದೆ.

"ಕೇಳಿದ್ದು ಕೊಡ್ತಾರಂತಲ್ಲಣ್ಣಾ. ನಂಗೊಂದು ಕೇಳೋದಿದೆ."

"ನನ್ನನ್ನೇ ಕೇಳಬಾರದಿತ್ತೇನೋ?"

"ಕೇಳಿದ್ದೆ. ನೀನು ನಕ್ಕೆ."

ನನಗೆ ನೆನಪೇ ಇರಲಿಲ್ಲ.

ವೀಳ್ಯ ಎತ್ತಿದವನೇ ಉತ್ತರ ಹೇಳಬೇಕೆಂದು ಆಸ್ಥಾನದಲ್ಲಿ ಕಟ್ಟಪ್ಪಣೆಯಾಯಿತು. ಪಕ್ಕದಲ್ಲಿ ಕೂರಲು ಮಾತ್ರ ನನಗೆ ಅನುಮತಿ ಸಿಕ್ಕಿತು. ಸಾಕು ಅಂದುಕೊಂಡೆ. ಎತ್ತಿನ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯ ಬಟ್ಟೆ ಮುಚ್ಚಿ, ಅದರ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತೇವೆ. ಸುತ್ತ ನಿಂತವರಿಗೆ ಸುಳಿವು ಸಿಗದು. ಮನೆಯಲ್ಲಿ ಆಟಕ್ಕೆಂದು ತಮ್ಮನಿಗೂ ಅದನ್ನು ಕಲಿಸಿದ್ದೆ. ನನ್ನ ವಲ್ಲಿಯನ್ನು ಅವನ ತೊಡೆಯ ಮೇಲೆ ಹರವಿ, ಅದರಡಿ ಅವನ ಕೈ ಹಿಡಿದು ಕೂತೆ.

ನಮ್ಮೊಡನೆ ಇನ್ನಿಬ್ಬರು: ದಳವಾಯಿಯ ಮಗ, ಮತ್ತೊಬ್ಬ ಶಾಸ್ತ್ರಿ.

"ಅರಸರೇ, ಮೊದ್ದರಿಗೂ ಮಣೆ ಹಾಕ್ತೀರಾ?" ಎಂದು ದಳವಾಯಿಯ ಮಗ ನಕ್ಕ. "ಅವನ ತಲೆ ತಗೊಂಡು ಏನು ಮಾಡ್ತೀರಿ? ಖಾಲಿ ಮಡಕೆ."

ಒಗಟು ಒಡ್ಡಿದವಳು ಅರಸರ ಮಗಳು ಚೆನ್ನಾಜಿ. "ತೊಟ್ಟಿಲಲ್ಲಿ ನನಗೆ ಒಂದನ್ನು ಕೊಟ್ಟರು. ಅದಕ್ಕೆ ತೂಕವಿಲ್ಲ, ಕಳ್ಳರ ಭಯವಿಲ್ಲ. ಆದರೆ ಊರವರು ದಿನವೂ ಅದನ್ನು ನನಗೆ ಮರಳಿ ಕೊಡದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಏನದು?"

"ನೆರಳು!" ಎಂದ ದಳವಾಯಿಯ ಮಗ. ಭಟರು ಅವನ ತೋಳು ಹಿಡಿದರು.

ನನಗೂ ಹೊಳೆಯಲಿಲ್ಲ. ಸೋಮಲಿಂಗ ನಿಧಾನವಾಗಿ ಬಾಯಿ ತೆರೆದ. "ಹೆ... ಹೆಸರು. ನಂದು ಸೋಮಲಿಂಗ. ಯಾರೂ ಮರಳಿ ಕೊಡಲ್ಲ."

ಚೆನ್ನಾಜಿ ತಲೆದೂಗಿ ಎರಡನೆಯದನ್ನು ಕೇಳಿದಳು. "ಮನೆಗೆ ಹೊರಗಿನಿಂದ ಬೀಗ. ಒಳಗಿರುವವರು ಕಳ್ಳರಲ್ಲ, ಬೀಗ ಹಾಕಿದವರು ಹಗೆಗಳಲ್ಲ. ಆ ಬೀಗವನ್ನು ಯಾವುದರಿಂದ ಮಾಡಿದ್ದಾರೆ?"

"ಕರ್ಮದಿಂದ, ದೇವಿ," ಎಂದ ಶಾಸ್ತ್ರಿ, ಒಂದು ಶ್ಲೋಕವನ್ನೂ ಸೇರಿಸಿ. ಶ್ಲೋಕ ಮುಗಿಯುವ ಮೊದಲೇ ಅವನನ್ನೂ ಎಳೆದುಕೊಂಡು ಹೋದರು.

"ಅಕ್ಕರೆಯಿಂದ," ಎಂದ ನನ್ನ ತಮ್ಮ. "ಅಣ್ಣ ಹಾಕ್ತಾನೆ. ಅಣ್ಣ ಒಳ್ಳೆಯವನು."

ಅವನು ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಮೂರನೆಯದಕ್ಕೆ ಐದು ತಟ್ಟೆ ಬಂದವು: ಕಡಗ, ರೇಷ್ಮೆ, ಹೂಮಾಲೆ, ರಾಜಮುದ್ರೆ, ವೀಣೆ. "ನನ್ನ ಮನಸ್ಸಿನಲ್ಲಿ ಇರುವುದು ಯಾವುದು?"

ಗಿರಾಕಿಯ ಕಣ್ಣು ನೋಡಿ ಮನಸ್ಸು ಓದುವುದು ನನ್ನ ಕಸುಬು. ಆಕೆಯ ನೋಟ ನಾಲ್ಕನೆಯ ತಟ್ಟೆಯ ರಾಜಮುದ್ರೆಯ ಕಡೆ ಎರಡು ಸಲ ಹೊರಳಿತ್ತು. ವಲ್ಲಿಯ ಕೆಳಗೆ ತಮ್ಮನ ನಾಲ್ಕು ಬೆರಳು ಹಿಡಿದು ಒತ್ತಿದೆ. ಇನ್ನೊಮ್ಮೆ ಒತ್ತಿದೆ.

ಸೋಮಲಿಂಗ ಕೈ ಬಿಡಿಸಿಕೊಂಡ. ವಲ್ಲಿಯಿಂದ ಹೊರತೆಗೆದು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಇಟ್ಟ.

"ನಂಗೆ ಗೊತ್ತಿಲ್ಲ," ಎಂದ. "ಅಣ್ಣಂಗೂ ಗೊತ್ತಿಲ್ಲ. ನಿಮಗೇ ಗೊತ್ತು. ಏನು ಬೇಕವ್ವಾ ನಿಮಗೆ?"

ಚೆನ್ನಾಜಿಯ ಕಣ್ಣು ತುಂಬಿತು.

"ಅಪ್ಪಾಜಿ, ಅದೇ ಉತ್ತರ," ಎಂದಳು. "ತಟ್ಟೆಯಲ್ಲಿ ಇರುವುದು ಒಂದೂ ಅಲ್ಲ. ಮನಸ್ಸಿನಲ್ಲಿ ಇರುವುದನ್ನು ಕೇಳಿಯೇ ತಿಳಿಯಬೇಕು. ಇಷ್ಟು ವರ್ಷ ಎಲ್ಲರೂ ಊಹಿಸಿದಿರಿ, ಒಬ್ಬರೂ ಕೇಳಲಿಲ್ಲ. ಕೆಳಗಿನ ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು ನನಗೆ. ಹುಟ್ಟಿದಾಗಿನಿಂದ ಕೋಟೆಯ ಮೇಲಿಂದ ನೋಡಿದ್ದೇ ಆಯಿತು. ಆ ಇಬ್ಬರನ್ನೂ ಬಿಟ್ಟುಬಿಡಿ."

ಅರಸರು ಮಗಳನ್ನು ನೋಡಿ, ಆಗಲೆಂದರು. ಆಮೇಲೆ ನನ್ನ ಕಡೆ ತಿರುಗಿದರು. "ಶೆಟ್ಟರೇ, ನಿಮ್ಮ ತಮ್ಮನಿಗೆ ಏನು ಕೊಡಿಸೋಣ?"

ಹೊಲ, ಮನೆ, ಆಳುಕಾಳು. ಪಟ್ಟಿ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡೆ.

"ಅವನನ್ನೇ ಕೇಳಿ, ಪ್ರಭು."

"ಸಂತೆಯಲ್ಲಿ ಒಂದು ಚಾಪೆ ಹಾಸೋ ಜಾಗ," ಎಂದ ಸೋಮಲಿಂಗ. "ನನ್ನ ಹಗ್ಗ ನಾನೇ ಮಾರ್ತೀನಿ. ಯಾವ ಎತ್ತಿಗೆ ಅಂತ ನೋಡ್ತೀನಿ." ನನ್ನ ಸೊಂಟದ ಕಡೆ ಬೆರಳು ತೋರಿ, "ಮತ್ತೆ ಬಾಗಿಲ ಕೀಲಿ. ಅದು ಅಣ್ಣ ಕೊಡಬೇಕು," ಎಂದ.

ಅಲ್ಲೇ ಸೊಂಟದಿಂದ ಬಿಚ್ಚಿ ಕೊಟ್ಟೆ.

ಈಗ ಸಂತೆಯ ಹುಣಸೆಮರದ ಕೆಳಗೆ ಅವನ ಚಾಪೆ. ಮೊದಲ ವಾರ ಒಬ್ಬ ಮೋಸ ಮಾಡಿ ಎರಡು ಹಗ್ಗ ಒಯ್ದ. ನಾನು ಎದ್ದು ಓಡಿದೆ. "ಕೂರಣ್ಣಾ, ನನ್ನ ಅಂಗಡಿ," ಎಂದ. ಕೂತೆ. ಸಂಜೆ ಅವನು ಗೆಳೆಯರೊಡನೆ ಹರಟಿ ತಡವಾಗಿ ಬರುತ್ತಾನೆ. ನಾನು ಮೊದಲು ಮನೆ ಸೇರಿ ಕಿಟಕಿಯಲ್ಲಿ ಕೂತು, ಅವನು ಹತ್ತಿ ಬರುವ ಗಾಡಿಯ ಗೆಜ್ಜೆಯ ಸದ್ದಿಗೆ ಕಿವಿಗೊಡುತ್ತೇನೆ. ಎಷ್ಟು ಉದ್ದದ ಸಂಜೆಗಳನ್ನು ಅವನು ಇಲ್ಲಿ ಕಳೆದಿದ್ದ ಎಂದು ಈಗ ತಿಳಿಯುತ್ತದೆ.

ಕಳೆದ ವಾರ ಅವನ ಚಾಪೆಯ ಮುಂದೆ ಕೂತು ವಲ್ಲಿಯ ಕೆಳಗೆ ಕೈ ಕೊಟ್ಟೆ. ಅವನು ನಾಲ್ಕು ಬೆರಳು ಒತ್ತಿದ. ನಾನು ಮೂರು ಒತ್ತಿದೆ. ತಲೆಯಲ್ಲಾಡಿಸಿದ. ನಾಲ್ಕಕ್ಕೇ ಒಪ್ಪಿದೆ.

ಒಟ್ಟು ಬಂದದ್ದು ಇಷ್ಟು: ಉಳಿದ ತಲೆ ಮೂರು. ಚೆನ್ನಾಜಿಗೆ ಒಂದು ಹೊಳೆ. ತಮ್ಮನಿಗೆ ಒಂದು ಚಾಪೆಯ ಜಾಗ, ಒಂದು ಕೀಲಿ, ಊರವರ ಬಾಯಲ್ಲಿ ಒಂದು ಹೆಸರು. ನನಗೆ ಒಂದು ಹಗ್ಗ. ನನ್ನ ಬಿಳಿ ಎತ್ತಿಗೆ ಕಟ್ಟಿದ್ದೇನೆ. ಅವನೇ ಬಂದು ನೋಡಿದ.