ವಾಲಗವಿಲ್ಲದ ಹರಾಜು

ಆ ಸಂಸ್ಥಾನದ ಬೀದಿಗಳು ಬಹಳ ಇಕ್ಕಟ್ಟು. ಎರಡು ಕಾರು ಎದುರಾದರೆ ಒಂದು ಹಿಮ್ಮುಖವಾಗಿಯೇ ಮನೆ ಸೇರಬೇಕು. ಹಾಗಾಗಿ ಕಾರು ಇಟ್ಟುಕೊಳ್ಳಲು ಪರವಾನಗಿ ಬೇಕಿತ್ತು. ವರ್ಷಕ್ಕೆ ನಾಲ್ಕೇ ಪರವಾನಗಿ, ಅದೂ ಬಹಿರಂಗ ಹರಾಜಿನಲ್ಲಿ. ಗೆದ್ದವರಿಗೆ ದಿವಾನರೇ ಜರಿಪೇಟ ತೊಡಿಸಿ, ವಾಲಗದೊಂದಿಗೆ ಮನೆತನಕ ಮೆರವಣಿಗೆ ಕಳಿಸುತ್ತಿದ್ದರು. ಬರುಬರುತ್ತ ಕಾರಿಗಿಂತ ಪರವಾನಗಿಯೇ ದುಬಾರಿಯಾಯಿತು. ದೂರು ಮಹಾರಾಜರ ಕಿವಿಗೆ ಬಿತ್ತು.

ದಿವಾನರು ಗುಮಾಸ್ತ ತಿರುಮಲಯ್ಯನನ್ನು ಕರೆಸಿದರು. "ಈ ಸಲ ಬೆಲೆ ಇಳಿಯಬೇಕು. ಪರವಾನಗಿ ಒಂದೂ ಹೆಚ್ಚಬಾರದು. ಆಗದಿದ್ದರೆ ನೀನು ಮನೆಯಲ್ಲೇ ಇರು."

ಮನೆಯಲ್ಲಿ ಆಗಲೇ ಕೆಲಸವಿಲ್ಲದ ಇಬ್ಬರು ಭಾವಮೈದುನರಿದ್ದರು. ತಿರುಮಲಯ್ಯ ಪೇಟವನ್ನೂ ವಾಲಗವನ್ನೂ ನಿಲ್ಲಿಸಿದ. ಬಂದವರು ಒಬ್ಬೊಬ್ಬರಾಗಿ ಒಳಗೆ ಬಂದು ತಮ್ಮ ಬೆಲೆಯನ್ನು ತನ್ನ ಕಿವಿಯಲ್ಲಿ ಹೇಳಿ ಹೋಗಬೇಕೆಂದ.

ಮೊದಲು ಜವಳಿ ಅಂಗಡಿಯ ಗುಂಡಾಶೆಟ್ಟರು ಬಂದರು.

"ಎಣ್ಣೆ ಗಿರಣಿ ರುದ್ರಪ್ಪ ಎಷ್ಟು ಹೇಳುತ್ತಾನಂತೆ?"

"ಅದನ್ನು ಹೇಳುವ ಹಾಗಿಲ್ಲ ಶೆಟ್ಟರೇ."

"ನಾನು ಗೆದ್ದರೆ, ಅವನು ಸೋತದ್ದು ಊರಿಗೆ ಗೊತ್ತಾಗುತ್ತದಲ್ಲ?"

"ಇಲ್ಲ. ಸೋತವರ ಹೆಸರು ಹೊರಗೆ ಹೋಗುವುದಿಲ್ಲ."

"ಹಾಗಾದರೆ ನನಗೆ ಕಾರು ಯಾಕಯ್ಯ?" ಎಂದು ಶೆಟ್ಟರು ಎದ್ದು ಹೋದರು. ಆಮೇಲೆ ಬಂದ ರುದ್ರಪ್ಪನೂ ಶೆಟ್ಟರ ಬಗ್ಗೆ ಅದನ್ನೇ ಕೇಳಿ, ಹಾಗೇ ಎದ್ದು ಹೋದ.

ಪರವಾನಗಿಗಳು ಸೈಕಲ್ಲಿನ ಬೆಲೆಗೆ ಹೋದವು. ಮಹಾರಾಜರು ಮೆಚ್ಚಿದರು. ಖಜಾನೆ ಮಾತ್ರ ಸೊರಗಿತು.

ಮರುವರ್ಷ ದಿವಾನರು ಮತ್ತೆ ಕರೆಸಿದರು. "ಈ ಸಲ ಬೆಲೆ ಏರಬೇಕು. ಪರವಾನಗಿ ಒಂದೂ ಕಡಿಮೆಯಾಗಬಾರದು."

"ಆಗಲಿ ಸ್ವಾಮಿ, ವಾಲಗದವರಿಗೆ ಹೇಳಿಕಳಿಸುತ್ತೇನೆ," ಎಂದ ತಿರುಮಲಯ್ಯ. "ಆದರೆ ಈ ಸಲ ಮೆರವಣಿಗೆ ಸೋತವರ ಮನೆ ಮುಂದೆ ಹಾದು ಹೋಗಲಿ."