ಕಾಗೆ ಮುಟ್ಟದ ಎಡೆ

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಒಂದೂರಲ್ಲಿ ಸುಣ್ಣ ಸುಡೋರ ಮನೆ ಇತ್ತಂತೆ. ಆ ಮನೇಲಿ ಪಾಲವ್ವ ಅಂತ ಒಬ್ಬ ಮುದುಕಿ, ಅವಳಿಗೆ ಮೂರು ಜನ ಗಂಡುಮಕ್ಕಳು. ಹೂಂ ಅಂತಿರು ಮಗಾ, ನೀನು ಹೂಂ ಅನ್ನದೇ ಹೋದ್ರೆ ಗೋಡೆಗೆ ಕತೆ ಹೇಳಿದ ಹಾಗಾಗುತ್ತೆ. ದೊಡ್ಡವನು ದ್ಯಾವಣ್ಣ, ಹೆಂಡ್ತಿ ತೀರಿಹೋದ ಮೇಲೆ ಹಣೆ ತುಂಬ ವಿಭೂತಿ ಬಳ್ಕೊಂಡು ಗುಡಿ ಕಟ್ಟೆ ಬಿಟ್ಟು ಏಳ್ತಿರಲಿಲ್ಲವಂತೆ. ನಡುವಿನವನು ಬೊಮ್ಮಣ್ಣ, ಅವನು ದೇವರೂ ಇಲ್ಲ ದಿಂಡರೂ ಇಲ್ಲ, ಸತ್ತ ಮೇಲೆ ಮಣ್ಣು ಅಷ್ಟೇ ಅನ್ನೋನು. ಕಿರಿಯವನು ಕೊಟ್ರ, ಅವನಿಗೆ ಎರಡರ ಗೊಡವೆಯೂ ಇಲ್ಲ, ಊಟಕ್ಕೆ ಕರೆದ್ರೆ ಮೊದಲು ಬರೋನು. ಮೂವರಲ್ಲಿ ಸಂಸಾರ ಇದ್ದಿದ್ದು ಬೊಮ್ಮಣ್ಣನಿಗೆ ಮಾತ್ರ, ಅವನ ಹೆಂಡ್ತಿ ಈರಕ್ಕ, ಹೆಚ್ಚು ಮಾತಿಲ್ಲದೋಳು.

ಸುಣ್ಣ ಸುಡೋದು ಅಂದ್ರೆ ಏನ್ ಗೊತ್ತಾ? ಹಳ್ಳದ ದಂಡೆಯಿಂದ ಸುಣ್ಣದ ಕಲ್ಲು ಆರಿಸ್ಕೊಂಡು ಬಂದು, ಭಟ್ಟಿಗೆ ತುಂಬಿ, ಮೂರು ದಿನ ಸುಡ್ಬೇಕು. ಆಮೇಲೆ ಕಲ್ಲು ಬೆಳ್ಳಗೆ, ಹಗುರಾಗಿ ಈಚೆ ಬರುತ್ತೆ. ಅದರ ಮೇಲೆ ನೀರು ಹುಯ್ದ್ರೆ ಒಲೆ ಇಲ್ಲ, ಬೆಂಕಿ ಇಲ್ಲ, ತಾನೇ ತಾನಾಗಿ ಕೊತಕೊತ ಕುದಿಯುತ್ತೆ. ಅಣ್ಣ ತಮ್ಮ ದಿನಾ ಇದನ್ನೇ ನೋಡೋರು, ದಿನಾ ಊಟಕ್ಕೆ ಕೂತಾಗ ಇದನ್ನೇ ಹಿಡ್ಕೊಂಡು ಜಗಳ ಆಡೋರು.

ದ್ಯಾವಣ್ಣ ಅನ್ನೋನಂತೆ, ನೋಡ್ರೋ, ಸುಟ್ಟು ಸತ್ತ ಕಲ್ಲು ನೀರು ಬಿದ್ದ ಕೂಡ್ಲೆ ಎದ್ದು ಕುದೀತೈತೆ, ಕಲ್ಲಿಗೇ ಇನ್ನೊಂದು ಜೀವ ಇರುವಾಗ ಮನುಷ್ಯನಿಗೆ ಇರಲ್ವಾ, ಇಲ್ಲಿ ಮಾಡಿದ್ದು ಅಲ್ಲಿ ಉಣ್ಣಲ್ವಾ. ಅದಕ್ಕೆ ಬೊಮ್ಮಣ್ಣ, ಕುದ್ದ ಮೇಲೆ ಏನಾಯ್ತಣ್ಣ, ತಣ್ಣಗಾಗಿ ಪುಡಿಯಾಗಿ ಯಾರದೋ ಗೋಡೆ ಸೇರ್ತು, ಗೋಡೆಯಿಂದ ಇಳಿದು ಬಂದು ತಿರುಗಾ ಕಲ್ಲಾಗಿದ್ದನ್ನ ಒಂದು ತೋರ್ಸು, ನಾಳೆಯಿಂದಲೇ ನಿನ್ನ ಗುಡಿಗೆ ಕಸ ಹೊಡೀತೀನಿ ಅನ್ನೋನು. ಕೊಟ್ರ ನಡುವೆ, ಎರಡೂ ಇರ್ಲಿ ಆ ಚಟ್ನಿ ಇತ್ಲಾಗೆ ತಳ್ಳಿ ಅನ್ನೋನು. ಎಲೆ ಮೇಲೆ ಕೈ ಒಣಗಿದ್ರೂ ಏಳೋರಲ್ಲ. ಸ್ವರ್ಗ ಐತೆ ಅಂತ ಒಬ್ಬ ಎರಡು ರೊಟ್ಟಿ ಹೆಚ್ಚಿಗೆ ತಿನ್ನೋನು, ಇಲ್ಲ ಅಂತ ಇನ್ನೊಬ್ಬ ಎರಡು ರೊಟ್ಟಿ ಹೆಚ್ಚಿಗೆ ತಿನ್ನೋನು. ಒಳಗೆ ಪಾಲವ್ವ ತಟ್ಟೋಳು, ಈರಕ್ಕ ಬೇಯಿಸೋಳು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಪಾಲವ್ವ ಹಿಟ್ಟು ನಾದ್ತಾ ನಾದ್ತಾ ಹಾಗೇ ಗೋಡೆಗೆ ಒರಗಿದ್ಲಂತೆ. ಸೊಸೆ ಅತ್ತೇ ಅಂದ್ಲು, ಓಗೊಡಲಿಲ್ಲ. ಕೈಯಲ್ಲಿ ಹಿಟ್ಟು ಹಾಗೇ ಇತ್ತು, ಪ್ರಾಣ ಹೋಗಿತ್ತು. ಹೂಂ, ಹೋಗ್ಬಿಟ್ಲು ಮಗಾ. ಕಾಯಿಲೆ ಇಲ್ಲ, ಕಸಾಲೆ ಇಲ್ಲ, ಯಾರಿಂದಲೂ ಒಂದು ಲೋಟ ನೀರು ಕೇಳಲಿಲ್ಲ.

ಮಣ್ಣು ಮಾಡಿ ಬಂದ್ರು. ಆಮೇಲೆ ಎಡೆ ಇಡೋದು ಬಂತು. ಆ ಊರಲ್ಲಿ ಹೀಗೊಂದು ಕಟ್ಟಳೆ ಇತ್ತಂತೆ. ಸತ್ತೋರಿಗೆ ಏನು ಇಷ್ಟವೋ ಅದನ್ನ ಮಾಡಿ ಮಣ್ಣು ಮಾಡಿದ ಜಾಗದಲ್ಲಿ ಇಟ್ಟು ಎಲ್ಲರೂ ದೂರ ನಿಲ್ಲೋರು. ಕಾಗೆ ಬಂದು ಮುಟ್ಟಿದ್ರೆ ಸತ್ತ ಜೀವಕ್ಕೆ ತೃಪ್ತಿ ಆಯ್ತು ಅಂತ. ಮುಟ್ಟದಿದ್ರೆ ಜೀವ ಏನೋ ಆಸೆ ಇಟ್ಕೊಂಡು ಅಲ್ಲೇ ಸುತ್ತುತೈತೆ ಅಂತ. ಮೂರನೇ ದಿನ, ಐದನೇ ದಿನ, ಒಂಬತ್ತನೇ ದಿನ, ಮೂರೇ ಸಲ ಇಡಬಹುದು. ಮೂರು ಸಲವೂ ಮುಟ್ಟದಿದ್ರೆ ಆ ಜೀವಕ್ಕೆ ನೆಲೆ ಇಲ್ಲ ಅನ್ನೋರು. ಕಾಗೆ ಮುಟ್ಟೋವರೆಗೂ ನಾನು ಒಂದಗುಳು ಬಾಯಿಗಿಡಲ್ಲ, ಬರೀ ನೀರು ಅಂತ ದ್ಯಾವಣ್ಣ ಆಣೆ ಮಾಡಿ ಕೂತ್ನಂತೆ. ಬೊಮ್ಮಣ್ಣ, ಕಾಗೆಗೆ ಹಸಿವಾದ್ರೆ ಮುಟ್ಟುತೈತೆ, ಅದಕ್ಯಾಕೆ ನೀನು ಉಪವಾಸ ಬೀಳ್ತೀಯ ಅಂತ ಬೈದ. ಕೇಳೋನಲ್ಲ ಅವನು.

ಮೂರನೇ ದಿನ ದ್ಯಾವಣ್ಣ ಹೋಳಿಗೆ, ಪಾಯಸ, ಗುಡಿ ಪ್ರಸಾದ ಎಲ್ಲ ಇಟ್ಟನಂತೆ. ಕಾಗೆ ಬಂತು, ಹುಣಸೆ ಮರದ ಮೇಲೆ ಕೂತು ಕತ್ತು ಓರೆ ಮಾಡಿ ನೋಡ್ತು, ಹಾರಿಹೋಯ್ತು. ಐದನೇ ದಿನ ಕೊಟ್ರ, ಅವ್ವನಿಗೆ ಬಾಡಿನ ಸಾರು ಇಷ್ಟ ಇತ್ತು ನಂಗೊತ್ತು ಅಂತ ಕೋಳಿ ಕೊಯ್ದು ಸಾರು ಮಾಡಿಸಿ ಇಟ್ಟ. ಕಾಗೆ ಬರಲೇ ಇಲ್ಲ. ನೆರೆಮನೆ ಮುದುಕ ಒಬ್ಬ ನಿಂತು ನೋಡ್ತಿದ್ದೋನು ಅಂದ್ನಂತೆ, ಹೋಳಿಗೆ ದೊಡ್ಡೋನಿಗೆ ಇಷ್ಟ, ಬಾಡು ಸಣ್ಣೋನಿಗೆ ಇಷ್ಟ, ಅದು ಊರಿಗೆಲ್ಲ ಗೊತ್ತು, ಅವಳಿಗೇನು ಇಷ್ಟ ಇತ್ತು ಹೇಳ್ರಪ್ಪ. ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಉಳಿದಿದ್ದು ಒಂದೇ ಸಲ, ಬೊಮ್ಮಣ್ಣನ ಪಾಳಿ. ಅವನಿಗೆ ಕಾಗೆ ಮೇಲೆ ನಂಬಿಕೆ ಇಲ್ಲ. ಆದ್ರೆ ಅಣ್ಣ ಎದ್ದು ನಿಲ್ಲೋಕೂ ಆಗದೆ ಮಲಗಿದ್ದ, ಈ ಸಲವೂ ಕಾಗೆ ಮುಟ್ಟದೇ ಹೋದ್ರೆ ಅವ್ವನ ಹಿಂದೆ ಅಣ್ಣನೂ ಹೋಗ್ತಾನೆ ಅಂತ ಭಯ ಹತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆ ಮುದುಕನ ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತ್ತು. ಯಾವ ಕಲ್ಲು ಎಷ್ಟು ಸುಟ್ಟರೆ ಸುಣ್ಣ ಆಗುತ್ತೆ ಅಂತ ಕಣ್ಣು ಮುಚ್ಚಿ ಹೇಳೋನಿಗೆ ಹೆತ್ತ ತಾಯಿ ಏನು ತಿಂದ್ರೆ ಖುಷಿ ಆಗ್ತಿದ್ಲು ಅನ್ನೋದು ಗೊತ್ತಿಲ್ಲ. ಜೋಯಿಸರನ್ನ ಕೇಳಿದ, ಊರೋರನ್ನ ಕೇಳಿದ, ಆಮೇಲೆ ಅವ್ವನ ತವರೂರಿಗೆ ನಡ್ಕೊಂಡು ಹೋದ್ನಂತೆ. ಅಲ್ಲಿ ಮುದಿ ಸೋದರಮಾವ ಬಿಸಿಲು ಕಾಯಿಸ್ತಾ ಕೂತಿದ್ದ. ಮಾವ, ಅವ್ವನಿಗೆ ಏನು ಇಷ್ಟ ಇತ್ತು ಅಂತ ಕೇಳಿದ್ರೆ ಅವನು, ನಮ್ಮಕ್ಕ ನಮಗೆಲ್ಲ ಉಣ್ಣೋಕೆ ಇಕ್ಕಿದ್ದು ನೆನಪೈತೆ ಕಣೋ, ಅವಳು ಉಂಡಿದ್ದು ನಾನು ನೋಡೇ ಇಲ್ಲ ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ.

ಎಂಟನೇ ದಿನ ಸಾಯಂಕಾಲ ಬೊಮ್ಮಣ್ಣ ಸೋತು ಸುಣ್ಣ ಆಗಿ ಬಂದು ಅಡಿಗೆಮನೆ ಹೊಸ್ತಿಲ ಮೇಲೆ ಕೂತ್ಬಿಟ್ನಂತೆ. ಇನ್ನು ಯಾರನ್ನ ಕೇಳಲಿ, ಗೊತ್ತಿದ್ದೋರು ಯಾರೂ ಇಲ್ಲ ಅಂದ. ಒಲೆ ಮುಂದಿದ್ದ ಈರಕ್ಕ ತಿರುಗಿ ನೋಡದೇ, ನನಗೆ ಗೊತ್ತೈತೆ ಅಂದ್ಲು. ಅಲ್ಲಾ ಮಾರಾಯ್ತಿ, ಎಂಟು ದಿನದಿಂದ ಯಾಕೆ ಹೇಳಲಿಲ್ಲ ಅಂದ್ರೆ, ಜೋಯಿಸರನ್ನ ಕೇಳಿದ್ರಿ, ಊರನ್ನ ಕೇಳಿದ್ರಿ, ಹನ್ನೆರಡು ಹರದಾರಿ ನಡೆದು ಮಾವನ್ನ ಕೇಳಿದ್ರಿ, ನನ್ನ ಯಾರು ಕೇಳಿದ್ರು ಅಂದ್ಲು. ಬೊಮ್ಮಣ್ಣ ಎದ್ದು ಬಂದು ಒಲೆ ಹತ್ರ ಕೂತು, ಈಗ ಕೇಳ್ತೀನಿ ಹೇಳು ಅಂದ.

ಆಮೇಲೆ ಈರಕ್ಕ ಹೇಳಿದ್ಲಂತೆ. ನೀವು ಮೂವರೂ ಸ್ವರ್ಗ ನರಕ ಅಂತ ಕೂತ್ರೆ ಏಳ್ತಿರಲಿಲ್ಲ, ನೀವು ಎದ್ದ ಮೇಲೆ ನಾವಿಬ್ರು ಉಣ್ಣೋಕೆ ಕೂರೋ ಹೊತ್ತಿಗೆ ರೊಟ್ಟಿ ತಣ್ಣಗಾಗಿ ಚಕ್ಕೆ ಆಗಿರೋದು. ಅತ್ತೆ ಮುಟ್ಟಿ ನೋಡಿ, ಇರ್ಲಿ ಬಿಡು ಅಂತ ನೀರಲ್ಲಿ ಅದ್ಕೊಂಡು ತಿನ್ನೋರು. ಒಂದ್ಸಲ ನೀವೆಲ್ಲ ಮದುವೆಗೆ ಹೋಗಿದ್ರಿ, ಮನೇಲಿ ನಾವಿಬ್ರೇ. ಅತ್ತೇನ ಕೂರಿಸಿ ಹಂಚಿನ ಮೇಲಿಂದ ಒಂದು ರೊಟ್ಟಿ ಎತ್ತಿ ಸುಡ್ತಾ ಇರುವಾಗಲೇ ಕೈಗೆ ಕೊಟ್ಟೆ, ಬರೀ ಉಪ್ಪು ಎಣ್ಣೆ ಸವರಿ. ಮದುವೆಯಾಗಿ ಬಂದಾಗಿಂದ ಹಂಚಿಂದ ಎತ್ತಿ ನನ್ನ ಕೈಗೆ ಕೊಟ್ಟಿದ್ದು ನೀನೊಬ್ಳೇ ಕಣೇ ಅಂತ ಅತ್ತೆ ಅಳೋಕೇ ಶುರು ಮಾಡಿದ್ರು. ಆಮೇಲೆ ನಕ್ಕು, ದ್ಯಾವ ಹೇಳೋ ಆ ಸ್ವರ್ಗದಾಗೆ ರೊಟ್ಟಿ ತಟ್ಟೋರು ಯಾರಂತೆ, ಅಲ್ಲೂ ನಾನೇ ಆದ್ರೆ ನಾನು ಬರಲ್ಲ ಅಂತ ಹೇಳು ಅಂದ್ರು. ಅವರಿಗೆ ಇಷ್ಟ ಇದ್ದಿದ್ದು ಬಿಸಿ ರೊಟ್ಟಿ, ಅಷ್ಟೇ.

ಬೊಮ್ಮಣ್ಣ ಆ ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಗಾಗುತ್ಲೇ ಹಿಟ್ಟು, ಹಂಚು, ಕಟ್ಟಿಗೆ ಹೊತ್ಕೊಂಡು ಅವ್ವನ್ನ ಮಣ್ಣು ಮಾಡಿದ ಜಾಗಕ್ಕೆ ಹೋಗಿ ಮೂರು ಕಲ್ಲಿಟ್ಟು ಒಲೆ ಹೂಡಿದ್ನಂತೆ. ಊರೋರು, ಎಲ್ಲಾದ್ರೂ ಉಂಟಾ, ಎಡೆ ಮನೇಲಿ ಮಾಡಿ ತರ್ಬೇಕು, ಇಲ್ಲಿ ಒಲೆ ಹಚ್ತಾರಾ ಅಂದ್ರು. ಮನೇಲಿ ಮಾಡಿ ತಂದ್ರೆ ತಣ್ಣಗಾಗುತೈತೆ ಅಂದ ಬೊಮ್ಮಣ್ಣ, ಯಾರ ಮಾತೂ ಕೇಳಲಿಲ್ಲ. ಅವನೇನು ಹುಟ್ಟಿದಾಗಿಂದ ರೊಟ್ಟಿ ತಟ್ಟಿದೋನಾ? ಮೊದಲನೇ ರೊಟ್ಟಿ ಕೈಯಲ್ಲೇ ಹರಿದುಹೋಯ್ತು. ಎರಡನೇದು ಹೊತ್ತಿ ಕರಕಲಾಯ್ತು, ಬೆರಳೂ ಸುಟ್ಕೊಂಡ. ದಿನಾ ಅವ್ವ ಇಷ್ಟು ಬೆಂಕಿ ಮುಂದೆ ಕೂರ್ತಿದ್ಲಾ ಅಂತ ಆವತ್ತು ಗೊತ್ತಾಯ್ತು ಅವನಿಗೆ. ಮೂರನೇದು ತಟ್ಟಿದ, ಒದ್ದೆ ಬಟ್ಟೇಲಿ ನೀರು ಸವರಿದ, ತಿರುವಿ ಹಾಕಿದ, ಅದು ಬುಸ್ಸಂತ ಉಬ್ಬಿತು. ಉಪ್ಪು ಎಣ್ಣೆ ಸವರಿ, ಹೊಗೆಯಾಡ್ತಿದ್ದ ಹಾಗೇ ಮುತ್ತುಗದೆಲೆ ಮೇಲಿಟ್ಟು ಹಿಂದೆ ಸರಿದ. ಅವ್ವಾ ತಿನ್ನು ಅನ್ನೋಕೆ ಬಾಯಿ ಬರಲಿಲ್ಲ, ಇಲ್ಲದೋಳನ್ನ ಹೇಗೆ ಕರೆಯೋದು ಅಂತ.

ಕಾಗೆ ಬಂತು. ಹುಣಸೆ ಮರದಿಂದ ಇಳೀತು, ಕುಪ್ಪಳಿಸ್ತಾ ಹತ್ರ ಬಂತು, ರೊಟ್ಟಿ ಅಂಚನ್ನ ಕಿತ್ತು ತಿಂತು.

ಊರೋರೆಲ್ಲ, ಪಾಲವ್ವ ಬಂದ್ಲು, ಪಾಲವ್ವ ಉಂಡ್ಲು ಅಂದ್ರು. ದ್ಯಾವಣ್ಣನ್ನ ಕಂಬಳಿಯಲ್ಲಿ ಹೊತ್ಕೊಂಡು ಬಂದಿದ್ರು, ಅವನು ಅಳ್ತಾ ಅಳ್ತಾ ಕಾಗೆ ಕಿತ್ತು ಬಿಟ್ಟಿದ್ದ ರೊಟ್ಟಿ ಚೂರನ್ನೇ ತಿಂದು ಉಪವಾಸ ಬಿಟ್ನಂತೆ. ಆಮೇಲೆ ತಮ್ಮನ ಕೈ ಹಿಡ್ಕೊಂಡು, ಈಗಲಾದ್ರೂ ನಂಬ್ತೀಯೇನೋ ಬೊಮ್ಮ ಅಂದ.

ಬೊಮ್ಮಣ್ಣ ಅಂದ್ನಂತೆ, ನಂಗೊತ್ತಿಲ್ಲಣ್ಣ. ಬಂದಿದ್ದು ಅವ್ವನೇ ಆಗಿದ್ರೆ, ಮೂರು ಜನ ಗಂಡುಮಕ್ಕಳಿದ್ದೂ ನಮ್ಮ ಕೈಯಿಂದ ಒಂದು ಬಿಸಿ ರೊಟ್ಟಿಗೆ ಅವಳು ಸಾಯೋವರೆಗೂ ಕಾಯ್ಬೇಕಾಯ್ತು. ಬರೀ ಕಾಗೆ ಆಗಿದ್ರೆ, ಅದನ್ನೂ ತಿನ್ನದೇ ಹೋದ್ಲು. ಎರಡರಲ್ಲಿ ಯಾವುದು ಹಗುರ ಅಂತ ನೀನೇ ಹೇಳು.

ದ್ಯಾವಣ್ಣನ್ನ ಅದೇ ಕಂಬಳಿಯಲ್ಲಿ ಹೊತ್ಕೊಂಡು ತಮ್ಮಂದಿರಿಬ್ರೂ ಮನೆ ದಾರಿ ಹಿಡಿದ್ರು.

ಸಾಯಂಕಾಲ ಈರಕ್ಕ ಒಲೆ ಮುಂದೆ ಕೂರೋಕೆ ಹೋದ್ರೆ ಬೊಮ್ಮಣ್ಣ, ಸರಿ ಅತ್ಲಾಗೆ ಅಂತ ತಾನು ಕೂತ್ನಂತೆ. ಸುಟ್ಟ ಬೆರಳಿಗೆ ಬಟ್ಟೆ ಸುತ್ಕೊಂಡೇ ತಟ್ಟಿದ, ಮೊದಲನೇ ರೊಟ್ಟಿ ಹಂಚಿಂದ ಎತ್ತಿ ಅವಳ ಕೈಗೆ ಕೊಟ್ಟ. ಭಾವ ಉಂಡಿಲ್ಲ, ಮೈದುನ ಉಂಡಿಲ್ಲ ಅಂದ್ಲು ಅವಳು. ಅವರು ಕಾಯ್ಲಿ, ಅವ್ವ ನಲವತ್ತು ವರ್ಷ ಕಾದ್ಲು ಅಂದ ಇವನು. ಈರಕ್ಕ ಆ ರೊಟ್ಟೀನ ಕೈಯಿಂದ ಕೈಗೆ ಬದಲಾಯಿಸ್ತಾ ನೋಡ್ತಾ ಕೂತ್ಲು. ಆಮೇಲೆ ಮೆಲ್ಲಗೆ, ಇದನ್ನೇ ಒಂದು ತಿಂಗಳು ಮುಂಚೆ ಮಾಡಿದ್ರೆ ನಾನೂ ಅತ್ತೇನೂ ಕೂತು ತಿಂತಿದ್ವಿ ಅಂದ್ಲಂತೆ. ಬೊಮ್ಮಣ್ಣ ಒಲೆ ಕಡೆ ಮುಖ ಮಾಡಿದ. ಹೊಗೆ ಕಣೇ, ಕಣ್ಣಿಗೆ ಹೊಗೆ ಅಂದ.

ಅವತ್ತಿಂದ ಆ ಮನೇಲಿ ತಟ್ಟಿದೋರಿಗೆ ಮೊದಲನೇ ರೊಟ್ಟಿ ಅಂತಾಯ್ತು. ಕೊಟ್ರನಿಗೂ ಹೆಣ್ಣು ಸಿಕ್ತು, ಮನೆ ತುಂಬ ಮಕ್ಕಳಾದ್ರು, ಎಲ್ಲ ಚೆನ್ನಾಗಿದ್ರು. ಅಣ್ಣ ತಮ್ಮ ಜಗಳ ಬಿಟ್ರು ಅಂದ್ಕೊಂಡ್ಯಾ, ಎಲ್ಲಿ ಬಿಡ್ತಾರೆ, ಆದ್ರೆ ಹೆಂಗಸರ ಊಟ ಆಗಿ ಒಲೆ ಸಾರಿಸಿದ ಮೇಲೆ ಜಗಲಿಗೆ ಹೋಗಿ ಆಡ್ತಿದ್ರಂತೆ. ಸತ್ತೋರು ಎಲ್ಲಿಗೆ ಹೋಗ್ತಾರೆ ಅಂತ ಅವರಿಗೆ ಕೊನೇವರೆಗೂ ತೀರ್ಮಾನ ಆಗಲಿಲ್ಲ. ನಂಗೂ ಗೊತ್ತಿಲ್ಲ ಮಗಾ, ಕೇಳಬೇಡ. ಅಲ್ಲಿಗೆ ಅವರ ಕತೆ ಮುಗೀತು, ನಮ್ಮನೆ ದೀಪದ ಎಣ್ಣೇನೂ ಮುಗೀತು, ಇನ್ನು ಆ ಕಡೆ ತಿರುಗಿ ಮಲ್ಕೋ.