ಕದ್ದ ಹೆಸರು

“ಅಜ್ಜಾರೇ, ಹೆಸರು ಕದ್ದರೆ ಅದು ಕಳವೋ ಅಲ್ಲವೋ?”

ಶಿಷ್ಯ ನಿಂತೇ ಕೇಳಿದ. ಬೆಳಗಿನಿಂದ ನಡೆದು ಬಂದಿದ್ದ. ಕಾಲು ಕೂಡ ತೊಳೆದಿರಲಿಲ್ಲ.

“ಯಾರ ಹೆಸರು?” ಎಂದರು ಗುರುಗಳು.

“ನನ್ನ ಮಗಳದು. ಅವಳು ಹುಟ್ಟಿ ಇವತ್ತಿಗೆ ಹನ್ನೊಂದು ದಿನ. ಹೆಣ್ಣು ಹುಟ್ಟಿದರೆ ಇಡಬೇಕೆಂದು ಮದುವೆಯಾದಾಗಿನಿಂದ ಒಂದು ಹೆಸರು ಇಟ್ಟುಕೊಂಡಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ಅಂಥ ಹೆಸರು ಒಬ್ಬರಿಗೂ ಇಲ್ಲ. ನನ್ನ ತಮ್ಮನಿಗೆ ಅದು ಗೊತ್ತಿತ್ತು. ಎಂಟು ತಿಂಗಳ ಹಿಂದೆ ಅವನಿಗೆ ಹೆಣ್ಣಾಯಿತು. ಅದೇ ಹೆಸರು ಇಟ್ಟುಬಿಟ್ಟ. ನಾಡಿದ್ದು ನಮ್ಮ ಮನೆಯಲ್ಲಿ ತೊಟ್ಟಿಲು. ನೀವು ಒಂದು ಮಾತು ಹೇಳಿ ಕಳಿಸಿದರೆ ಅವನು ಬದಲಿಸುತ್ತಾನೆ. ಇಲ್ಲದಿದ್ದರೆ ನಮ್ಮಿಬ್ಬರ ಅಂಗಳದ ನಡುವೆ ಗೋಡೆ ಏಳುತ್ತದೆ. ಕಲ್ಲು ತಂದು ಹಾಕಿಸಿದ್ದೇನೆ.”

ಗುರುಗಳು “ಕೂಡು” ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಬ್ಬ ಸುಣಗಾರನಿದ್ದ. ಸುಣ್ಣದ ಕಲ್ಲು ಸುಟ್ಟು ಮಾರುವುದು ಅವನ ಕಸುಬು. ಅವನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು. ದೊಡ್ಡ ಸೊಸೆ ಮನೆಗೆ ಬಂದು ಆರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಆದರೆ ಮಗಳಿಗೆ ಇಡುವ ಹೆಸರು ಮಾತ್ರ ಅವಳ ಹತ್ತಿರ ತಯಾರಾಗಿತ್ತು.

ಆ ಹೆಸರು ಸಿಕ್ಕಿದ್ದು ಮದುವೆಯಾಗಿ ಗಂಡನ ಮನೆಗೆ ಬರುವ ದಾರಿಯಲ್ಲಿ. ಗಾಡಿ ಹೊಳೆ ದಾಟುತ್ತಿತ್ತು. ಆಚೆ ದಂಡೆಯಲ್ಲಿ ಯಾರೋ ಹೆಂಗಸು ಮಗಳನ್ನು ಕರೆಯುತ್ತಿದ್ದಳು: ‘ಇರುವಂತೀ!’ ಇರುವಂತಿ ಅಂದರೆ ಇರುವಂತಿಗೆ ಹೂವು, ಒಂದು ಬಗೆಯ ಮಲ್ಲಿಗೆ. ಹಾಡಿನಲ್ಲಿ ಬರುತ್ತದೆ, ಗಂಡನ ಊರಿನ ಕಡೆ ಹೆಣ್ಣುಮಕ್ಕಳಿಗೆ ಯಾರೂ ಇಡುತ್ತಿರಲಿಲ್ಲ. ಆ ಸೀಮೆಯಲ್ಲಿ ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು, ಉಳಿದವರಿಗೆ ದೇವರ ಹೆಸರು. ಕೇರಿಯಲ್ಲಿ ನಿಂತು ‘ಯಲ್ಲವ್ವಾ’ ಎಂದರೆ ಆರು ಬಾಗಿಲು ಒಟ್ಟಿಗೆ ತೆರೆಯುತ್ತಿದ್ದವು. ‘ಇರುವಂತೀ’ ಎಂದರೆ ಒಂದೇ ಬಾಗಿಲು ತೆರೆಯಬೇಕು, ಅದು ತನ್ನದಾಗಿರಬೇಕು ಎಂದು ಅವಳು ಆಸೆಪಟ್ಟಳು.

ಈ ಆಸೆಯನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಒಂದು ದಿನ ಸುಣ್ಣ ಜರಡಿ ಹಿಡಿಯುತ್ತ ಚಿಕ್ಕ ಸೊಸೆಗೆ ಹೇಳಿದಳು. ಅವಳು ಆಗ ತಾನೇ ಮನೆ ತುಂಬಿದವಳು.

“ಹೂವಿನ ಹೆಸರು ಇಟ್ಕೊಂಡು ನಿನ್ನ ಮಗಳು ಸುಣ್ಣದ ಬುಟ್ಟಿ ಹೊರ್ತಾಳೇನಕ್ಕಾ?” ಎಂದಳು ಚಿಕ್ಕವಳು.

ಇಬ್ಬರೂ ನಕ್ಕರು.

ಮರುವರ್ಷ ಚಿಕ್ಕವಳಿಗೆ ಹೆಣ್ಣಾಯಿತು. ಅವಳಿಗೆ ತಾಯಿ ಇರಲಿಲ್ಲ. ಹೆರಿಗೆ ಗಂಡನ ಮನೆಯಲ್ಲೇ ಆಯಿತು. ಬಾಣಂತನ ಮಾಡಿದವಳು ದೊಡ್ಡವಳೇ.

ತೊಟ್ಟಿಲ ದಿನ ಬಂತು. ಸೋದರತ್ತೆ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕು. ಅವಳು ಬಗ್ಗಿದಾಗ ಸುತ್ತಲಿನ ಹೆಂಗಸರು ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. ಅವಳು ಹೇಳಿದಳು, ಇವರು ಗುದ್ದಿದರು. “ನಮಗೂ ಹೇಳವ್ವಾ, ಏನು ಹೆಸರು?” ಎಂದರು. ಸೋದರತ್ತೆ ಬೆನ್ನು ನೀವಿಕೊಳ್ಳುತ್ತ ಗಟ್ಟಿಯಾಗಿ ಹೇಳಿದಳು: ಇರುವಂತಿ.

ದೊಡ್ಡವಳ ಕೈಯಲ್ಲಿ ಗುಗ್ಗರಿಯ ಬುಟ್ಟಿ ಇತ್ತು. ಬಂದವರಿಗೆಲ್ಲ ಹಂಚಿದಳು. ಒಬ್ಬರನ್ನೂ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಚಿಕ್ಕವಳನ್ನು ಅಡುಗೆಮನೆಗೆ ಕರೆದು ಕೇಳಿದಳು.

“ಬ್ಯಾರೆ ಹೆಸರು ಸಿಗಲಿಲ್ಲೇನವ್ವಾ ನಿನಗ?”

ಚಿಕ್ಕವಳಿಗೆ ನಾಚಿಕೆಯಾಯಿತು. ಆದರೆ ನಾಚಿಕೆಯನ್ನು ಒಪ್ಪಿಕೊಳ್ಳುವ ವಯಸ್ಸು ಅವಳದಲ್ಲ. ಅದು ಚುಚ್ಚುಮಾತಾಗಿ ಹೊರಗೆ ಬಂತು.

“ಹೆಸರೇನು ನಿನ್ನ ಮದುವಿ ಸೀರಿ ಏನಕ್ಕಾ, ಪೆಟ್ಟಿಗ್ಯಾಗ ಇಟ್ಟು ಕೀಲಿ ಹಾಕಾಕ? ಏಳು ವರ್ಷ ಇಟ್ಟಿ. ಇನ್ನೂ ಇಟ್ಟಿದ್ರ ನುಸಿ ಹತ್ತತಿತ್ತು.”

ದೊಡ್ಡವಳು ಅಳಲಿಲ್ಲ. ಒಲೆಯ ಮೇಲೆ ಅಂಗೈ ಊರಿದಳು. ಒಲೆ ಇನ್ನೂ ಬಿಸಿ ಇತ್ತು.

“ಈ ಒಲಿ ಸಾಕ್ಷಿ. ನಿನ್ನ ಮಗಳನ್ನ ಆ ಹೆಸರು ಹಿಡಿದು ನಾ ಕರದ್ರ, ನನ್ನ ಹೊಟ್ಟ್ಯಾಗ ಕೂಸು ಮೂಡೋದು ಬ್ಯಾಡ.”

ಒಲೆ ಮುಟ್ಟಿ ಮಾಡಿದ ಆಣೆ. ತಪ್ಪಿದರೆ ತಟ್ಟದೆ ಬಿಡುವುದಿಲ್ಲ ಎಂದು ಇಬ್ಬರೂ ನಂಬಿದವರು.

ಎರಡು ವರ್ಷ ಕಳೆಯಿತು. ದೊಡ್ಡವಳು ಆ ಕೂಸಿಗೆ ಎರೆದಳು, ಉಣಿಸಿದಳು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ತಿರುಗಿದಳು. ಹೆಸರು ಮಾತ್ರ ಹಿಡಿಯಲಿಲ್ಲ. ಬೇಕಾದಾಗ ‘ಏ’ ಎನ್ನುತ್ತಿದ್ದಳು, ಇಲ್ಲವೇ ನಾಲಿಗೆಯಿಂದ ಲೊಚಗುಟ್ಟುತ್ತಿದ್ದಳು. ಕರುವನ್ನೂ ಅವಳು ಹಾಗೆಯೇ ಕರೆಯುತ್ತಿದ್ದಳು. ಪ್ರತಿ ಅಮಾವಾಸ್ಯೆಗೆ ಒಪ್ಪೊತ್ತು ಇರುತ್ತಿದ್ದಳು. ಮಗುವಾದೀತೆಂಬ ಆಸೆ ಅವಳಿಗೆ ಇನ್ನೂ ಬಿಟ್ಟಿರಲಿಲ್ಲ.

ಚಿಕ್ಕವಳಿಗೆ ಆ ಹೆಸರು ದಿನಕ್ಕೆ ನೂರು ಸಲ ಬೇಕಾಗುತ್ತಿತ್ತು. ಮಗಳು ಉಣ್ಣಲು ಹಟ ಮಾಡುತ್ತಿದ್ದಳು. ತಾಯಿ ತುತ್ತು ಹಿಡಿದುಕೊಂಡು ‘ಇರುವಂತೀ’ ಎನ್ನಬೇಕು, ಮಗಳು ನಗುತ್ತ ಓಡಬೇಕು, ತಾಯಿ ಬೆನ್ನಟ್ಟಬೇಕು. ಅದು ಅವರಿಬ್ಬರ ಆಟವಾಗಿಬಿಟ್ಟಿತು.

ಸುಣ್ಣದ ಗುಂಡಿ ನೀನು ನೋಡಿರಬೇಕು. ಸುಟ್ಟ ಕಲ್ಲು ಹಾಕಿ ನೀರು ಬಿಟ್ಟರೆ ಬೆಂಕಿ ಇಲ್ಲದೆಯೇ ಕುದಿಯುತ್ತದೆ. ಕುದಿದು ಇಳಿದ ಮೇಲೆ ಬೆಳ್ಳಗೆ ಕೆನೆ ಕಟ್ಟುತ್ತದೆ. ನೋಡುವುದಕ್ಕೆ ಮೊಸರಿನ ಹಾಗೆ. ಅದರಲ್ಲಿ ಒಮ್ಮೆ ಒಂದು ಎತ್ತು ಬಿದ್ದಿತ್ತು, ಎದ್ದು ಬರಲಿಲ್ಲ. ಅದಕ್ಕೇ ಸುತ್ತಲೂ ಮುಳ್ಳುಬೇಲಿ ಇಟ್ಟಿದ್ದರು.

ಆ ದಿನ ಮಧ್ಯಾಹ್ನ ಗಂಡಸರು ಇನ್ನೊಂದು ಗಾಡಿ ಕಲ್ಲು ತರಲು ಹೋಗಿದ್ದರು. ಗಾಡಿ ಬರಲೆಂದು ಒಂದು ಕಡೆ ಬೇಲಿ ಎಳೆದು ಬದಿಗಿಟ್ಟಿದ್ದರು. ಗುಂಡಿಯ ಆಚೆ ಬದಿಯಲ್ಲಿ ದೊಡ್ಡವಳು ಜರಡಿ ಹಿಡಿಯುತ್ತಿದ್ದಳು. ಈಚೆಯಿಂದ ಚಿಕ್ಕವಳು ಬುತ್ತಿ ಹೊತ್ತು ಬಂದಳು. ಬುತ್ತಿ ಇಳಿಸುವುದಕ್ಕೆ ಸೊಂಟದ ಮೇಲಿದ್ದ ಮಗಳನ್ನು ಕೆಳಗೆ ಬಿಟ್ಟಳು. ಬುತ್ತಿ ಇಳಿಸಿ ತಲೆ ಎತ್ತಿದಾಗ ಮಗಳು ಬೇಲಿ ಎಳೆದಿಟ್ಟ ಜಾಗದಲ್ಲಿದ್ದಳು.

“ಇರುವಂತೀ!” ಎಂದು ತಾಯಿ ಕೂಗಿದಳು.

ಮಗಳು ನಕ್ಕಳು. ಆಟ ಶುರುವಾಯಿತು ಎಂದುಕೊಂಡು ನಾಲ್ಕು ಹೆಜ್ಜೆ ಓಡಿದಳು, ಗುಂಡಿಯ ಕಡೆಗೆ.

ತಾಯಿ ಒಂದು ಹೆಜ್ಜೆ ಇಟ್ಟಳು. ಮಗಳು ಎರಡು ಹೆಜ್ಜೆ ಇಟ್ಟಳು. ತಾಯಿ ನಿಂತಳು. ಮಗಳು ತಾಯಿಯ ಮುಖವನ್ನೇ ನೋಡುತ್ತ, ನಗುತ್ತ, ಹಿಂದೆ ಹಿಂದೆ ಸರಿಯತೊಡಗಿದಳು. ಗುಂಡಿ ಅವಳ ಬೆನ್ನಿಗಿತ್ತು. ಕೂಗಿದರೆ ಓಡುತ್ತಾಳೆ. ಹಿಡಿಯಲು ಹೋದರೆ ಓಡುತ್ತಾಳೆ. ಸುಮ್ಮನೆ ನಿಂತರೂ ಸರಿಯುತ್ತಾಳೆ.

ದೊಡ್ಡವಳು ಎದ್ದು ನಿಂತಿದ್ದಳು. ಸುತ್ತಿ ಬರಲು ಹೊತ್ತಿರಲಿಲ್ಲ. ‘ಏ’ ಎಂದಳು. ಮಗು ತಿರುಗಲಿಲ್ಲ. ನಾಲಿಗೆಯಿಂದ ಲೊಚಗುಟ್ಟಿದಳು. ಕರುವನ್ನು ಕರೆಯುತ್ತಾಳೆ ಎಂದುಕೊಂಡಿತೋ ಏನೋ, ಅದಕ್ಕೂ ತಿರುಗಲಿಲ್ಲ.

ಗುಂಡಿಯ ಮೇಲಿಂದ ಚಿಕ್ಕವಳು ದೊಡ್ಡವಳನ್ನು ನೋಡಿದಳು. ಹೆಸರು ಹಿಡಿದು ಕರೆ ಎಂದು ಕೇಳಲಿಲ್ಲ. ಕೇಳುವ ಬಾಯಿಯನ್ನು ಎರಡು ವರ್ಷದ ಹಿಂದೆ ಅವಳೇ ಕಳೆದುಕೊಂಡಿದ್ದಳು. ಮಗುವಿನ ಹಿಮ್ಮಡಿಗೂ ಅಂಚಿಗೂ ಒಂದು ಗೇಣು ಉಳಿದಿತ್ತು.

“ಇರುವಂತಿ” ಎಂದಳು ದೊಡ್ಡವಳು.

ಕೂಗಲಿಲ್ಲ. ಮನೆಯೊಳಗೆ ಕರೆಯುವಷ್ಟೇ ದನಿ. ಆ ದನಿಯಲ್ಲಿ ಆ ಹೆಸರನ್ನು ಮಗು ಹುಟ್ಟಿದಂದಿನಿಂದ ಕೇಳಿರಲಿಲ್ಲ. ನಗು ನಿಂತಿತು. ಕಾಲು ನಿಂತಿತು. ಬೆರಗಾಗಿ ಹಿಂದಕ್ಕೆ ತಿರುಗಿತು. ಎದುರಿಗೆ ಬೆಳ್ಳಗಿನ ಗುಂಡಿ, ಅದರಾಚೆ ದೊಡ್ಡವ್ವ. ದೊಡ್ಡವ್ವ ಕರೆದಳಲ್ಲ ಎಂದು ಮಗು ಒಂದು ಕಾಲು ಮುಂದಕ್ಕೆ ಎತ್ತಿತು.

“ಅಲ್ಲೇ ಕೂಡು, ಇರುವಂತಿ. ಕೂಡು ನನ್ನವ್ವ.”

ಮಗು ಕೂತಿತು. ತಾಯಿ ಬಂದು ರಟ್ಟೆ ಹಿಡಿದು ಎಳೆದುಕೊಂಡಳು.

ಆಮೇಲೆ ಚಿಕ್ಕವಳು ಮಗಳನ್ನು ಎತ್ತಿಕೊಂಡು ಗುಂಡಿ ಸುತ್ತಿ ಬಂದಳು. ದೊಡ್ಡವಳು ನೆಲಕ್ಕೆ ಕೂತಿದ್ದಳು. ತನ್ನ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

“ಅಕ್ಕಾ, ನಾಳೆನ ಬ್ಯಾರೆ ಹೆಸರು ಇಡತೀನಿ. ಯಲ್ಲವ್ವ ಅಂತೀನಿ, ಕಲ್ಲವ್ವ ಅಂತೀನಿ. ನಿನ್ನ ಹೆಸರು ನಿನಗ ಇರಲಿ.”

“ಹುಚ್ಚಿ,” ಎಂದಳು ದೊಡ್ಡವಳು, “ನಾ ಇಷ್ಟು ಕೊಟ್ಟು ಕರದೀನಿ. ಇನ್ನ ನೀ ಬದಲಿ ಮಾಡತೀಯಾ? ಉಣ್ಣಾಕ ಹಾಕು ನಡಿ, ಹಸದೈತಿ ಅದು.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಕತೆ ಮುಂದೆ ಹೋಗಲಿಲ್ಲ.

“ಅವಳಿಗೆ ಆಮೇಲೆ ಮಕ್ಕಳಾದವೇ, ಅಜ್ಜಾರೇ?”

“ಆಗಲಿಲ್ಲ. ಆಣೆ ತಟ್ಟಿತೋ, ಮೊದಲೇ ಆಗುವುದಿರಲಿಲ್ಲವೋ, ಹೇಳುವವರಿಲ್ಲ.”

ಶಿಷ್ಯನಿಗೆ ಸಿಟ್ಟು ಬಂತು. “ಹಾಗಾದರೆ ಕದ್ದವಳಿಗೇ ಎಲ್ಲ ದಕ್ಕಿತು. ಹೆಸರೂ ದಕ್ಕಿತು, ಕೂಸೂ ದಕ್ಕಿತು. ನಾನು ಕೇಳಿದ್ದು ಒಂದೇ ಮಾತು. ಅದು ಕಳವು ಹೌದೋ ಅಲ್ಲವೋ?”

“ಕಳವೇ,” ಎಂದರು ಗುರುಗಳು. “ನಿನ್ನ ತಮ್ಮನದೂ ಕಳವೇ. ಹೆಸರು ಬದಲಿಸು ಎಂದು ಇವತ್ತೇ ಹೇಳಿ ಕಳಿಸುತ್ತೇನೆ.”

ಶಿಷ್ಯನ ಮುಖ ಸಡಿಲಾಯಿತು. ಕೈಮುಗಿದು ಎದ್ದ. ಬಾಗಿಲ ತನಕ ಹೋದವನಿಗೆ ಗುರುಗಳು ಹಿಂದಿನಿಂದ ಹೇಳಿದರು:

“ಮೊದಲು ನೀನು ಹೋಗಿ, ಆ ಹೆಸರು ಕೇಳಿದರೆ ನಿನ್ನ ತಮ್ಮನ ಕೂಸು ತಿರುಗದ ಹಾಗೆ ಮಾಡಿ ಬಾ.”

ಶಿಷ್ಯ ಬಾಗಿಲಿನಿಂದ ತಿರುಗಿ ಬಂದು ಮತ್ತೆ ಕೂತ.